ಬೀಗವೂ ಮನಸ್ಸಾಕ್ಷಿಯೂ

ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆ ತಾಲ್ಲೂಕುಗಳ ನಮ್ಮ ಹಳ್ಳಿಗಳಲ್ಲಿ ಮಕ್ಕಳು ಹಿಂದೆ ಶಾಲೆಯಿಂದ ಸ್ಲೇಟನ್ನೂ ಪುಸ್ತಕವನ್ನೂ ಮನೆಗೆ ತರುತ್ತಿದ್ದರು. ಈ ಕಾಲದಲ್ಲಾದರೋ ಗಣಕಯಂತ್ರಗಳೂ ಅವರ ಕೈಗೆ ಬಂದಿವೆ. 2021ರಲ್ಲಿ ರಾಜ್ಯ ಸರಕಾರವು ಸರಕಾರಿ ಪದವಿ ಕಾಲೇಜುಗಳ ವಿದ್ಯಾರ್ಥಿಗಳಿಗೆ ಟ್ಯಾಬ್ಲೆಟ್‌ಗಳನ್ನು ಉಚಿತವಾಗಿ ಹಂಚಿತು. ಅದಕ್ಕೆ ಮುಂಚೆ ಲ್ಯಾಪ್‌ಟಾಪ್‌ಗಳನ್ನು ಕೊಟ್ಟದ್ದೂ ಉಂಟು. ಶಾಲೆಯವರು ತಾವು ಕೊಟ್ಟ ಯಂತ್ರದಲ್ಲಿ ಪಾಠಕ್ಕೆ ಬೇಕಾದದ್ದನ್ನು ಮಾತ್ರ ತೆರೆದಿಟ್ಟು, ಮಿಕ್ಕದ್ದಕ್ಕೆ ಬೀಗ ಹಾಕುವ ಪದ್ಧತಿಯು ಲೋಕದಲ್ಲಿ ಹಬ್ಬಿದೆ. ಆ ಬೀಗವನ್ನು ಮಕ್ಕಳು ಉಪಾಯದಿಂದ ತೆಗೆಯುತ್ತಾರೆ. ಇದು ಅಪರಾಧವೋ, ಬರಿಯ ಹುಡುಗಾಟವೋ? ಹಿರಿಯರು ಮಾಡಬೇಕಾದದ್ದೇನು?

ಅಮೇರಿಕಾ ದೇಶದಲ್ಲಿ ನಡೆದ ಎರಡು ಸಂಗತಿಗಳನ್ನು ನೋಡೋಣ. 2013ರಲ್ಲಿ ಲಾಸ್ ಏಂಜಲೀಸ್ ಪಟ್ಟಣದ ಶಾಲೆಗಳಲ್ಲಿ ಐಪ್ಯಾಡ್ ಎಂಬ ಯಂತ್ರಗಳನ್ನು ಕೊಟ್ಟರು. ಸ್ವಲ್ಪ ಕಾಲದಲ್ಲೇ ಸುಮಾರು 300 ವಿದ್ಯಾರ್ಥಿಗಳು ಅದರೊಳಗಿನ ಕಾವಲನ್ನು ಅಳಿಸಿಹಾಕಿ ತಮಗೆ ಬೇಕಾದದ್ದನ್ನು ತೆರೆದುಕೊಂಡರು. ಅಧಿಕಾರಿಗಳು ಗಾಬರಿಗೊಂಡು, ಯಂತ್ರಗಳನ್ನು ಮನೆಗೆ ಒಯ್ಯುವದನ್ನೇ ನಿಲ್ಲಿಸಿದರು. ಕೆಲವರ ತಪ್ಪಿಗೆ ತಪ್ಪು ಮಾಡದವರೂ ನಷ್ಟಪಟ್ಟರು.

ಪೆನ್ಸಿಲ್ವೇನಿಯಾ ಸೀಮೆಯ ಲೋವರ್ ಮೇರಿಯನ್ ಎಂಬಲ್ಲಿ ಆದದ್ದು ಇನ್ನೂ ವ್ಯಸನಕರ. ಕಳವಾದ ಲ್ಯಾಪ್‌ಟಾಪನ್ನು ಹುಡುಕುವದಕ್ಕೆಂದು ಇಟ್ಟ ಕ್ಯಾಮೆರಾ ಏರ್ಪಾಟಿನಿಂದ, ಮನೆಯಲ್ಲಿದ್ದ ವಿದ್ಯಾರ್ಥಿಗಳ ಚಿತ್ರಗಳು ಅವರಿಗೆ ತಿಳಿಯದೆ ತೆಗೆಯಲ್ಪಟ್ಟವು. ತಾನು ತಿಂದ ಮಿಠಾಯಿಯನ್ನು ಶಾಲೆಯವರು ಮದ್ದಿನ ಗುಳಿಗೆ ಎಂದೆಣಿಸಿದರೆಂದು ಒಬ್ಬ ಹುಡುಗನು ಹೇಳಿದನು. ವ್ಯಾಜ್ಯ ಹೂಡಲಾಗಿ, 2010ರಲ್ಲಿ ಶಾಲೆಯವರು 6,10,000 ಡಾಲರು ಕೊಟ್ಟು ರಾಜಿಯಾದರು. ಬೇಲಿಯೇ ಎದ್ದು ಹೊಲ ಮೇಯ್ದರೆ ಕಾಯುವವರಾರು? ನಮ್ಮ ದೇಶದಲ್ಲಿಯೂ, ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಾಧೀಶರಾದ ಕೆ. ಎಸ್. ಪುಟ್ಟಸ್ವಾಮಿಯವರ ಅರ್ಜಿಯ ಮೇಲೆ, ಮನುಷ್ಯನ ಖಾಸಗಿತನವು ಮೂಲಭೂತ ಹಕ್ಕೆಂದು ಸುಪ್ರೀಂ ಕೋರ್ಟು 2017ರಲ್ಲಿ ತೀರ್ಪಿತ್ತಿದೆ.

ಹಾಗಾದರೆ ಮಕ್ಕಳು ನಿರಪರಾಧಿಗಳೋ? ಅಲ್ಲ. ನೆರೆಯವನು ಉಳುವದಕ್ಕೆಂದು ಕೊಟ್ಟ ಎತ್ತನ್ನು ನಾವು ಅವನಿಗೆ ತಿಳಿಯದೆ ಗಾಡಿಯ ಪಂದ್ಯಕ್ಕೆ ಕಟ್ಟಿದರೆ, ಎತ್ತಿಗೆ ಪೆಟ್ಟಾಗದಿದ್ದರೂ ನಂಬಿಕೆಗೆ ಪೆಟ್ಟಾಗುವದು. ಕೊಟ್ಟವನ ಮಾತಿಗೆ ಒಪ್ಪಿ ವಸ್ತುವನ್ನು ಪಡೆದವನು ಆ ಮಾತಿಗೆ ಕಟ್ಟುಬಿದ್ದವನು. ಬೀಗವು ಸಡಿಲವಾಗಿತ್ತೆಂಬದು ನೆವವಾಗಲಾರದು. ಆದರೆ ಪಾಠಕ್ಕೆ ಬೇಕಾದದ್ದೂ ಮುಚ್ಚಿದ್ದರೆ, ಬಾಯಿಬಿಟ್ಟು ಕೇಳುವದು ಧರ್ಮ. ಕೇಳಿದವನನ್ನು ಗದರಿಸದೆ ತೆರೆದುಕೊಡುವದು ಉಪಾಧ್ಯಾಯರ ಧರ್ಮ.

ಅಧಿಕಾರಿಗಳು ಬೀಗದ ಮೇಲೆ ಬೀಗ ಹಾಕಿದರೆ ಸಾಲದು. ಅವರು ಚಾಪೆಯ ಕೆಳಗೆ ತೂರಿದರೆ ಹುಡುಗರು ರಂಗೋಲಿಯ ಕೆಳಗೆ ತೂರುವರು. ಬೀಗವು ಎಳೆಯರಿಗೆ ಆಸರೆಯೇ ಸರಿ. ಆದರೆ ಅದು ಬೆರಳನ್ನು ತಡೆಯುವದಲ್ಲದೆ ಮನಸ್ಸನ್ನು ತಿದ್ದಲಾರದು. ಆದದರಿಂದ ನಿಯಮವನ್ನೂ ಅದರ ಕಾರಣವನ್ನೂ ಮುಂಚಿತವಾಗಿ ತಿಳಿಸಲಿ. ಏನನ್ನು ನೋಡುತ್ತೇವೆಂಬದನ್ನು ಮರೆಮಾಡದಿರಲಿ. ತಪ್ಪಿದವನನ್ನು ಮಾತ್ರ ಶಿಕ್ಷಿಸಲಿ. ಬೀಗದ ದೋಷವನ್ನು ತಾನೇ ಬಂದು ತೋರಿಸಿದ ಹುಡುಗನನ್ನು ಮೆಚ್ಚಲಿ.

ತಂದೆತಾಯಿಗಳೇ, ಈ ಯಂತ್ರಗಳ ಮರ್ಮವು ನಮ್ಮಲ್ಲಿ ಅನೇಕರಿಗೆ ತಿಳಿಯದು. ಮಗನ ಮುಖವಾದರೋ ತಿಳಿಯುವದು. ಸಂಜೆ ಅವನ ಬಳಿಯಲ್ಲಿ ಕೂತು, ಈ ಹೊತ್ತು ಏನು ನೋಡಿದೆ ಮಗು ಎಂದು ಕೇಳಿರಿ. ಅಂಜದೆ ಉತ್ತರ ಕೊಡುವ ಮಗನು ಬೀಗವಿಲ್ಲದಲ್ಲಿಯೂ ನೆಟ್ಟಗೆ ನಡೆಯುವನೆಂದು ನಾವು ನಂಬುತ್ತೇವೆ.