ದುಡ್ಡಿಗೆ ಕೆಲಸವಿಲ್ಲದ ಓಟ

ಫಿನ್ಲೆಂಡ್ ಮತ್ತು ಸ್ವೀಡನ್ನಿನಲ್ಲಿ ದಶಕಗಳಿಂದ ಒಂದು ಬಗೆಯ ಕಾರ್ ರೇಸು ನಡೆದುಕೊಂಡು ಬಂದಿದೆ. ಹಳೇ ಕಾರು, ಮಣ್ಣು-ಜಲ್ಲಿಯ ಪುಟ್ಟ ಟ್ರ್ಯಾಕು, ಓಡಿಸುವವರು ಊರಿನವರೇ. ಸ್ವೀಡನ್ನಿನವರು ಇದನ್ನು ಫೋಕ್‌ರೇಸ್ ಎನ್ನುತ್ತಾರೆ. ಇದರ ನಿಯಮಾವಳಿಯಲ್ಲಿ ಒಂದು ಚಂದದ ಕಲಮು ಇದೆ. ರೇಸು ಮುಗಿದ ಮೇಲೆ, ಓಡಿದ ಯಾವ ಕಾರನ್ನಾದರೂ ಮೊದಲೇ ಗೊತ್ತುಮಾಡಿದ ಬೆಲೆಗೆ ಕೊಳ್ಳುತ್ತೇನೆಂದು ಇನ್ನೊಬ್ಬ ಅರ್ಜಿ ಹಾಕಬಹುದು. ಮಾಲೀಕ ಕೊಡುವುದಿಲ್ಲ ಅನ್ನುವ ಹಾಗಿಲ್ಲ. ಅಂದರೆ ಅವನ ರೇಸ್ ಲೈಸೆನ್ಸಿಗೇ ಕುತ್ತು. ಒಂದೇ ಕಾರಿನ ಮೇಲೆ ನಾಲ್ಕು ಜನ ಕಣ್ಣು ಹಾಕಿದ್ದರೆ ಚೀಟಿ ಎತ್ತುತ್ತಾರೆ.

ಅಷ್ಟೇ. ಮಾರುವ ಬೆಲೆ ಐವತ್ತು ಸಾವಿರ ಅಂತ ಗೊತ್ತುಮಾಡಿದ ಕಾರಿಗೆ ನೀವು ಮೂರು ಲಕ್ಷದ ಇಂಜಿನ್ ಕೂರಿಸಿ ಗೆದ್ದಿರಿ ಅಂತಿಟ್ಟುಕೊಳ್ಳಿ. ಸಂಜೆ ಐವತ್ತು ಸಾವಿರ ಎಣಿಸಿಕೊಂಡು ಬಸ್ಸು ಹತ್ತಬೇಕಾಗುತ್ತದೆ. ಇಂಜಿನ್ ಬಿಚ್ಚಿ ನೋಡುವ ಪರಿಣತರು, ಅಳೆಯುವ ಯಂತ್ರಗಳು, ತಕರಾರು ಕೇಳುವ ಸಮಿತಿ, ಇವೆಲ್ಲ ಮಾಡಬೇಕಾದ ಅರ್ಧ ಕೆಲಸವನ್ನು ಈ ಒಂದು ಕಲಮು ಸದ್ದಿಲ್ಲದೆ ಮಾಡಿಬಿಡುತ್ತದೆ. ಖರ್ಚು ಮಾಡಬೇಡಿ ಎಂದು ಅದು ಯಾರಿಗೂ ಬುದ್ಧಿ ಹೇಳುವುದಿಲ್ಲ. ಮಾಡಿ, ಆದರೆ ದಕ್ಕುವುದಿಲ್ಲ ಅನ್ನುತ್ತದೆ.

ಹವ್ಯಾಸಿ ರೇಸುಗಳ ಚರಿತ್ರೆ ಓದುತ್ತಾ ಹೋದರೆ ಅವುಗಳ ಕಾಯಿಲೆ ಬಡತನವಲ್ಲ, ಬೆಳವಣಿಗೆ ಅನ್ನಿಸುತ್ತದೆ. ಹತ್ತು ಹದಿನೈದು ಗೆಳೆಯರು ಸೇರಿ ಶುರುಮಾಡುತ್ತಾರೆ. ಎಲ್ಲರ ಕಾರೂ ಅಷ್ಟಕ್ಕಷ್ಟೆ. ಎರಡನೇ ವರ್ಷ ಒಬ್ಬ ಒಳ್ಳೆಯ ಟೈರು ಹಾಕಿಸುತ್ತಾನೆ. ಮೂರನೇ ವರ್ಷ ಇನ್ನೊಬ್ಬ ಇಂಜಿನ್ನನ್ನು ದೊಡ್ಡ ವರ್ಕ್‌ಶಾಪಿಗೆ ಕಳಿಸುತ್ತಾನೆ. ಕೈಲಾಗದವರು ಜಗಳ ಆಡುವುದಿಲ್ಲ, ರಾಜೀನಾಮೆ ಬರೆಯುವುದಿಲ್ಲ, ಸುಮ್ಮನೆ ಮುಂದಿನ ಬಾರಿ ಬರುವುದಿಲ್ಲ. ಸಾಲು ತೆಳ್ಳಗಾದಾಗ ಸಂಘಟಕರಿಗೆ ಗಾಬರಿಯಾಗುತ್ತದೆ. ಆಕರ್ಷಣೆ ಇರಲಿ ಅಂತ ನಗದು ಬಹುಮಾನ ಏರಿಸುತ್ತಾರೆ. ಬಹುಮಾನ ಏರಿದಷ್ಟೂ ದುಡ್ಡಿದ್ದವನಿಗೆ ಇನ್ನಷ್ಟು ಸುರಿಯಲು ನೆಪ ಸಿಗುತ್ತದೆ.

ಇಂಗ್ಲೆಂಡಿನ 750 ಮೋಟರ್ ಕ್ಲಬ್ ಈ ಕಾಯಿಲೆಗೆ ಬಹಳ ಹಿಂದೆಯೇ ಮದ್ದು ಅರೆಯಲು ಕೂತ ಸಂಸ್ಥೆ. 1939ರಲ್ಲಿ ಆಸ್ಟಿನ್ ಸೆವೆನ್ ಕಾರಿನ ಅಭಿಮಾನಿಗಳಿಗಾಗಿ ಹುಟ್ಟಿತು. ಆಸ್ಟಿನ್ ಸೆವೆನ್ ಎಂದರೆ 747 ಸಿಸಿ ಇಂಜಿನ್ನಿನ, ಇಪ್ಪತ್ತರ ದಶಕದಲ್ಲಿ ಬ್ರಿಟನ್ನಿನ ಸಾಮಾನ್ಯ ಕುಟುಂಬಕ್ಕೆ ಕಾರು ಎಟುಕಿಸಿದ ಗಾಡಿ. ಯುದ್ಧ ಮುಗಿದಾಗ ದೇಶದಲ್ಲಿ ದುಡ್ಡಿರಲಿಲ್ಲ, ಪೆಟ್ರೋಲಿಗೆ ಪಡಿತರವಿತ್ತು, ಆದರೆ ಹಳೇ ಆಸ್ಟಿನ್‌ಗಳು ಎಲ್ಲೆಂದರಲ್ಲಿ ಬಿದ್ದಿದ್ದವು. ಅವುಗಳ ಚಾಸಿ, ಇಂಜಿನ್ ಬಳಸಿ ಮನೆಯ ಶೆಡ್ಡಿನಲ್ಲೇ ರೇಸ್ ಕಾರು ಕಟ್ಟುವವರಿಗೆ ಕ್ಲಬ್ಬು ನಿಯಮ ಬರೆಯಿತು.

ಆ ಶೆಡ್ಡುಗಳಲ್ಲೊಂದರಿಂದ ಬಂದವನು ಕಾಲಿನ್ ಚಾಪ್‌ಮನ್. ಆಸ್ಟಿನ್ ಇಂಜಿನ್ನಿನಲ್ಲಿ ಎರಡೆರಡು ಸಿಲಿಂಡರಿಗೆ ಗಾಳಿ-ಪೆಟ್ರೋಲು ಹೋಗಲು ಒಂದೊಂದೇ ದಾರಿ. ಎರಡೂ ಒಂದೇ ಬಾಗಿಲಲ್ಲಿ ತಳ್ಳಾಡುವ ಸ್ಥಿತಿ. ಚಾಪ್‌ಮನ್ 1951ರಲ್ಲಿ ತನ್ನ ಲೋಟಸ್ ಮಾರ್ಕ್ 3 ಕಾರಿನಲ್ಲಿ ಆ ದಾರಿಯ ನಡುವೆ ಲೋಹದ ತೆಳು ಗೋಡೆ ಇಟ್ಟು, ಪ್ರತಿ ಸಿಲಿಂಡರಿಗೂ ಅದರದೇ ದಾರಿ ಮಾಡಿಕೊಟ್ಟ. ಆ ವರ್ಷ ಅವನನ್ನು ಹಿಡಿಯುವುದು ಉಳಿದವರಿಗೆ ದುಸ್ತರವಾಯಿತು. ಕ್ಲಬ್ಬು ನಿಯಮ ತಿದ್ದಿ ಆ ಯುಕ್ತಿಯನ್ನೇ ನಿಷೇಧಿಸಿತು.

ಇಲ್ಲಿ ನನ್ನ ಮನಸ್ಸು ಎರಡೂ ಕಡೆ ವಾಲುತ್ತದೆ. ಅದು ದುಡ್ಡಿನ ಆಟವಾಗಿರಲಿಲ್ಲ, ಶುದ್ಧ ತಲೆಯ ಆಟ. ಬಡ ಎಂಜಿನಿಯರ್ ಹುಡುಗನಿಗೆ ಇರುವ ಬಂಡವಾಳವೇ ಅದು. ಅದನ್ನೂ ಕಟ್ಟಿಹಾಕಿದರೆ ಇನ್ನೇನು ಉಳಿಯಿತು? ಆದರೆ ಕ್ಲಬ್ಬಿನವರ ಕುರ್ಚಿಯಲ್ಲಿ ಕೂತು ನೋಡಿ. ಯುಕ್ತಿ ಒಬ್ಬನಿಗೆ ಅಗ್ಗ. ಮರುವರ್ಷ ಉಳಿದವರೆಲ್ಲ ತಮ್ಮ ಇಂಜಿನ್ ಬಿಚ್ಚಿ ಅದನ್ನೇ ಮಾಡಿಸಬೇಕು, ಆ ಖರ್ಚಿನ ಮೊತ್ತ ದೊಡ್ಡದು. ಅವರು ಮಾಡಿದ್ದು ಸರಿ ಎಂದೇ ಕೊನೆಗೆ ಒಪ್ಪಬೇಕಾಗುತ್ತದೆ. ಚಾಪ್‌ಮನ್ನನಿಗೇನೂ ನಷ್ಟವಾಗಲಿಲ್ಲ ಬಿಡಿ. ಅವನ ಲೋಟಸ್ ಮುಂದೆ ಫಾರ್ಮುಲಾ ಒನ್ನಿನಲ್ಲಿ ಏಳು ಬಾರಿ ತಯಾರಕರ ಚಾಂಪಿಯನ್‌ಷಿಪ್ ಗೆದ್ದಿತು.

ಎಲ್ಲ ಕ್ಲಬ್ಬುಗಳಿಗೂ ಈ ಗಟ್ಟಿತನ ಇರಲಿಲ್ಲ. 1967ರ ಜುಲೈ 2ರಂದು ಬ್ರ್ಯಾಂಡ್ಸ್ ಹ್ಯಾಚ್ ಟ್ರ್ಯಾಕಿನಲ್ಲಿ ಫಾರ್ಮುಲಾ ಫೋರ್ಡ್ ಎಂಬ ರೇಸು ಮೊದಲ ಬಾರಿ ನಡೆಯಿತು. ಫೋರ್ಡ್ ಕೋರ್ಟಿನಾ ಕಾರಿನ ಮಾಮೂಲಿ ಇಂಜಿನ್, ರಸ್ತೆ ಕಾರಿನ ಟೈರು, ಇಡೀ ಕಾರು ಸಾವಿರ ಪೌಂಡಿನೊಳಗೆ ಸಿಗಬೇಕೆಂಬ ಉದ್ದೇಶ. ಯೋಜನೆ ಎಷ್ಟು ಚೆನ್ನಾಗಿತ್ತೆಂದರೆ ಜಗತ್ತೆಲ್ಲ ಹರಡಿತು, ಫಾರ್ಮುಲಾ ಒನ್ನಿಗೆ ಹೋಗುವ ಏಣಿಯ ಮೊದಲ ಮೆಟ್ಟಿಲಾಯಿತು. ಮೆಟ್ಟಿಲಾದ ಕೂಡಲೇ ಮಗನನ್ನು ಮೇಲಕ್ಕೆ ಹತ್ತಿಸಲು ಹೊರಟ ಶ್ರೀಮಂತ ಅಪ್ಪಂದಿರು ಬಂದರು, ವೃತ್ತಿಪರ ತಂಡಗಳು ಬಂದವು. ಸಾವಿರ ಪೌಂಡಿನ ಮಾತು ಗಾಳಿಗೆ ಹೋಯಿತು.

ಎಲ್ಲರಿಗೂ ಒಂದೇ ಮಾದರಿಯ ಕಾರು ಕೊಟ್ಟುಬಿಟ್ಟರೆ ಸಮಸ್ಯೆ ತೀರುತ್ತದಲ್ಲ ಅನ್ನುವವರಿದ್ದಾರೆ. ಅಮೆರಿಕದ ಸ್ಪೆಕ್ ಮಿಯಾಟಾ ಅದೇ ಲೆಕ್ಕದಲ್ಲಿ ಹುಟ್ಟಿದ್ದು. ಹಳೆಯ ಮಾಜ್ದಾ ಮಿಯಾಟಾ, ಎರಡೇ ಸೀಟಿನ ಪುಟ್ಟ ಕಾರು. ಎಲ್ಲರದೂ ಅದೇ ಕಾರು, ಅದೇ ಸಸ್ಪೆನ್ಷನ್. ಸಾವಿರಗಟ್ಟಲೆ ಜನ ಸೇರಿದರು, ದೇಶದ ಅತ್ಯಂತ ಜನಪ್ರಿಯ ಹವ್ಯಾಸಿ ವರ್ಗಗಳಲ್ಲಿ ಒಂದಾಯಿತು. ಆಗ ಕಾಲು ಸೆಕೆಂಡಿಗಾಗಿ ಅದೇ ಇಂಜಿನ್ನನ್ನು ನಿಯಮದ ಅಂಚಿನವರೆಗೂ ತಿದ್ದಿಕೊಡುವ ಪರಿಣತರು ಹುಟ್ಟಿಕೊಂಡರು. ಅವರು ಕಟ್ಟಿದ ಒಂದು ಇಂಜಿನ್ನಿನ ದುಡ್ಡಿಗೆ ಹಳೇ ಮಿಯಾಟಾ ಕಾರೇ ಬರುತ್ತದೆ. 2014ರ ರಾಷ್ಟ್ರೀಯ ಫೈನಲ್‌ನಲ್ಲಿ ಮುಂಚೂಣಿಯ ಹಲವು ಕಾರುಗಳು ಸಿಲಿಂಡರ್ ಹೆಡ್ಡನ್ನು ನಿಯಮ ಮೀರಿ ಕೊರೆದದ್ದಕ್ಕೆ ಅನರ್ಹಗೊಂಡವು. ಕಾರು ಒಂದೇ ಆದರೂ ದುಡ್ಡು ನುಗ್ಗಲು ಸಂದಿ ಹುಡುಕಿಕೊಂಡಿತ್ತು.

ಹಾಗಾದರೆ ದಾರಿ ಯಾವುದು? ಅತ್ಯಂತ ತುಂಟ ಉತ್ತರ ಕೊಟ್ಟದ್ದು ಕ್ಯಾಲಿಫೋರ್ನಿಯಾದ ಜೇ ಲ್ಯಾಮ್ ಎಂಬ ಪತ್ರಕರ್ತ. ಫ್ರಾನ್ಸಿನ ಮಹಾಗಂಭೀರ ಲೆ ಮಾನ್ 24 ಗಂಟೆಗಳ ರೇಸನ್ನು ಅಣಕಿಸಿ ಅವನು 2006ರಲ್ಲಿ 24 ಅವರ್ಸ್ ಆಫ್ ಲೆಮನ್ಸ್ ಶುರುಮಾಡಿದ. ಕಾರಿನ ಬೆಲೆ 500 ಡಾಲರ್ ಮೀರಬಾರದು. ನಮ್ಮ ಭಾಷೆಯಲ್ಲಿ ಗುಜರಿ ಕಾರು. ತಪಾಸಣೆಯ ದಿನ ನ್ಯಾಯಾಧೀಶರ ಗೌನು ತೊಟ್ಟವರು ಕಾರಿನ ಸುತ್ತ ಓಡಾಡಿ, ನೀವು ಹೇಳುವ ಕಥೆ ಕೇಳಿ, ಇದು 500 ಡಾಲರಿನದ್ದಲ್ಲ ಅಂತ ಅನ್ನಿಸಿದರೆ ರೇಸಿಗೆ ಮೊದಲೇ ದಂಡದ ಸುತ್ತುಗಳನ್ನು ಹೇರುತ್ತಾರೆ. ಕೆಲವರು ಅವರಿಗೆ ಲಂಚ ಕೊಡುತ್ತಾರೆ, ಎಲ್ಲರೆದುರಿಗೇ, ತಮಾಷೆಯ ಭಾಗವಾಗಿ. ಟ್ರ್ಯಾಕಿನಲ್ಲಿ ಒರಟಾಗಿ ಓಡಿಸಿದವರಿಗೆ ನಗೆಪಾಟಲಾಗುವ ಶಿಕ್ಷೆ. ಗೆದ್ದವರಿಗೆ ಬಹುಮಾನದ ಹಣವನ್ನು ಐದು ಸೆಂಟಿನ ಚಿಲ್ಲರೆಯಲ್ಲಿ ಚೀಲ ತುಂಬಿಸಿ ಕೊಟ್ಟದ್ದೂ ಉಂಟು.

ನಗು ಬರಿಸುವ ಈ ಏರ್ಪಾಟಿನೊಳಗೆ ಬಹಳ ಜಾಣ ಲೆಕ್ಕವಿದೆ. ಲೆಮನ್ಸ್‌ನಲ್ಲಿ ಅತಿ ದೊಡ್ಡ ಗೌರವ ಮೊದಲು ಗುರಿ ಮುಟ್ಟಿದವರಿಗಲ್ಲ. ಓಡುವುದೇ ಅಸಾಧ್ಯ ಎನಿಸುವ ದರಿದ್ರ ಕಾರನ್ನು ತಂದು, ನಿರೀಕ್ಷೆಗೂ ಮೀರಿ ಓಡಿಸಿದ ತಂಡಕ್ಕೆ ಅದು ಮೀಸಲು. ಕಾರುಗಳಿಗೆ ಮೂರು ದರ್ಜೆ ಇವೆ. ಚೆನ್ನಾಗಿ ಓಡುವ ಕಾರು ಮೇಲಿನ ದರ್ಜೆಗೆ, ಕೆಟ್ಟದ್ದು ಕೆಳಗಿನದಕ್ಕೆ. ಹತ್ತು ಸಾವಿರ ಡಾಲರ್ ಗುಟ್ಟಾಗಿ ಸುರಿದು ಗೆದ್ದವನಿಗೆ ಅಲ್ಲಿ ಸಿಗುವುದು ಸಣ್ಣ ಕಪ್ಪು ಮತ್ತು ಎಲ್ಲರ ಗೇಲಿ. ಸಮಾಜ ಯಾವುದಕ್ಕೆ ಚಪ್ಪಾಳೆ ತಟ್ಟುತ್ತದೋ ಜನ ಅದಕ್ಕೆ ದುಡ್ಡು ಹಾಕುತ್ತಾರೆ. ಚಪ್ಪಾಳೆಯ ದಿಕ್ಕನ್ನೇ ಲ್ಯಾಮ್ ತಿರುಗಿಸಿಬಿಟ್ಟ. ಒಂದು ಟ್ರ್ಯಾಕಿನಲ್ಲಿ ಶುರುವಾದ ತಮಾಷೆ ಈಗ ಅಮೆರಿಕದ ಉದ್ದಗಲಕ್ಕೂ ಪ್ರತಿ ವರ್ಷ ಹಲವು ಕಡೆ ನಡೆಯುತ್ತದೆ.

ಒಂದು ತಂಡಕ್ಕೆ ನಾಲ್ವರಾದರೂ ಇರಬೇಕೆಂಬ ಕಟ್ಟಳೆಯೂ ಬೆಳವಣಿಗೆಯ ಗುಟ್ಟೇ. ಹೆಸರಿಗೆ 24 ಗಂಟೆ. ಹೆಚ್ಚಿನ ರೇಸುಗಳನ್ನು ಎರಡು ದಿನದ ಹಗಲಿಗೆ ಹಂಚಿರುತ್ತಾರೆ. ಒಂದು ಕಾರು, ಸರದಿಯಲ್ಲಿ ಓಡಿಸುವ ಗೆಳೆಯರು, ಖರ್ಚು ಭಾಗವಾಗುತ್ತದೆ. ಪ್ರತಿಯೊಬ್ಬನಿಗೂ ಗಂಟೆಗಟ್ಟಲೆ ಸ್ಟೀರಿಂಗ್ ಸಿಗುತ್ತದೆ. ಹದಿನೈದು ನಿಮಿಷದ ರೇಸಿಗೆ ಮುನ್ನೂರು ಕಿಲೋಮೀಟರು ಕಾರು ಎಳೆದುಕೊಂಡು ಹೋಗುವ ಸಂಕಟ ಇಲ್ಲಿಲ್ಲ. ಟೈರಿಗೂ ಕಡಿವಾಣವಿದೆ. ಅಮೆರಿಕದಲ್ಲಿ ಟೈರಿನ ಪಕ್ಕದಲ್ಲಿ ಸವೆತದ ಅಂಕಿ ಅಚ್ಚಾಗಿರುತ್ತದೆ. ಅಂಕಿ ಕಡಿಮೆಯಾದಷ್ಟೂ ರಬ್ಬರು ಮೆತ್ತಗೆ, ಹಿಡಿತ ಹೆಚ್ಚು, ಆಯಸ್ಸು ಕಡಿಮೆ. ಆ ಅಂಕಿ 190ಕ್ಕಿಂತ ಕೆಳಗಿರಬಾರದು. ಒಂದೇ ಓಟಕ್ಕೆ ಸವೆದುಹೋಗುವ ದುಬಾರಿ ಟೈರು ಅಷ್ಟರಿಂದಲೇ ಹೊರಗುಳಿಯಿತು.

ಇಷ್ಟು ಹೊಗಳಿದ ಮೇಲೆ ಒಂದು ಸತ್ಯ ಹೇಳದಿದ್ದರೆ ತಪ್ಪಾಗುತ್ತದೆ. 500 ಡಾಲರ್ ಅನ್ನುವುದು ಒಳಗೆ ಕರೆಯುವ ಬಾಗಿಲಷ್ಟೇ, ಮನೆಯ ಬೆಲೆಯಲ್ಲ. ಉರುಳಿದರೆ ಜೀವ ಉಳಿಸುವ ಉಕ್ಕಿನ ಪಂಜರ, ರೇಸ್ ಸೀಟು, ಬೆಲ್ಟು, ಬೆಂಕಿ ತಡೆಯುವ ಉಡುಪು, ಬ್ರೇಕು, ಇವ್ಯಾವುದೂ ಆ 500ರ ಲೆಕ್ಕಕ್ಕೆ ಸೇರುವುದಿಲ್ಲ. ಪ್ರವೇಶ ಶುಲ್ಕವೇ ಕಾರಿನ ಬೆಲೆಗಿಂತ ಹೆಚ್ಚು. ಅಗ್ಗದ ರೇಸು ಎಂದರೆ ಪುಕ್ಕಟೆ ರೇಸಲ್ಲ. ಸುರಕ್ಷತೆಯನ್ನು ಮಿತಿಯಿಂದ ಹೊರಗಿಟ್ಟದ್ದೇ ಆ ನಿಯಮಾವಳಿಯ ಅತಿ ಬುದ್ಧಿವಂತ ಭಾಗ. ಅದನ್ನು ಒಳಗಿಟ್ಟಿದ್ದರೆ ಮೊದಲು ಕತ್ತರಿ ಬೀಳುತ್ತಿದ್ದುದು ಹೆಲ್ಮೆಟ್ಟಿಗೆ. ಹುಡುಗರ ಬುದ್ಧಿ ಎಲ್ಲ ದೇಶದಲ್ಲೂ ಒಂದೇ.

ನಮ್ಮ ಕಡೆಗೆ ಬರೋಣ. ಕೊಯಮತ್ತೂರಿನ ಎಸ್. ಕರಿವರ್ಧನ್ ಎಂಬತ್ತರ ದಶಕದ ಕೊನೆಯಲ್ಲಿ ಯಾರ ಅಪ್ಪಣೆಗೂ ಕಾಯದೆ ಮಾಡಿದ ಕೆಲಸ ನೆನಪಿಗೆ ಬರುತ್ತದೆ. ದೇಶದ ಬೀದಿಬೀದಿಯಲ್ಲಿ ಓಡಾಡತೊಡಗಿದ್ದ ಮಾರುತಿ 800ರ ಇಂಜಿನ್ ತೆಗೆದುಕೊಂಡು, ಒಂಟಿ ಸೀಟಿನ ರೇಸ್ ಕಾರು ಕಟ್ಟಿದರು: ಫಾರ್ಮುಲಾ ಮಾರುತಿ. ಕೆಟ್ಟರೆ ರಿಪೇರಿ ಮಾಡುವ ಮೆಕ್ಯಾನಿಕ್ ಪ್ರತಿ ಊರಲ್ಲೂ ಇದ್ದ, ಬಿಡಿಭಾಗ ಪ್ರತಿ ಅಂಗಡಿಯಲ್ಲೂ ಇತ್ತು. ಆಮದು ಮಾಡಿಕೊಂಡ ಕಾರುಗಳ ಮುಂದೆ ಬಾಯಿ ಬಿಟ್ಟುಕೊಂಡು ನಿಲ್ಲುತ್ತಿದ್ದ ಹುಡುಗರಿಗೆ ಮೊದಲ ಬಾರಿ ರೇಸು ಎಟುಕಿತು. 2005ರಲ್ಲಿ ಭಾರತದ ಮೊದಲ ಫಾರ್ಮುಲಾ ಒನ್ ಚಾಲಕನಾದ ನಾರಾಯಣ್ ಕಾರ್ತಿಕೇಯನ್ ಮೊದಲು ರೇಸಿಗಿಳಿದದ್ದು ಇದೇ ಕಾರಿನಲ್ಲಿ. ಕರಿವರ್ಧನ್ 1995ರಲ್ಲಿ ವಿಮಾನ ಅಪಘಾತದಲ್ಲಿ ತೀರಿಕೊಂಡರು. ಕೊಯಮತ್ತೂರಿನ ಟ್ರ್ಯಾಕಿಗೆ ಈಗ ಅವರದೇ ಹೆಸರು. ಇತ್ತ ದೆಹಲಿಯ ಬಳಿ ಭಾರೀ ಹಣ ಸುರಿದು ತಂದ ಫಾರ್ಮುಲಾ ಒನ್ 2011ರಿಂದ ಮೂರೇ ವರ್ಷ ನಡೆದು ನಿಂತುಹೋಯಿತು. ಯಾವುದು ಬೇರು ಬಿಟ್ಟಿತು, ಯಾವುದು ಬಿಡಲಿಲ್ಲ ಎಂದು ನೋಡಲು ದುರ್ಬೀನು ಬೇಡ.

ಮೀಸೆ ಮೂಡುವ ಹೊತ್ತಿಗೆ ವೇಗದ ಹುಚ್ಚು ಹಿಡಿದ ಹುಡುಗರು ಬೆಂಗಳೂರಿನಲ್ಲಿ ಕಡಿಮೆಯಿಲ್ಲ. ವೀಲಿ ಮಾಡುವವರನ್ನು ಹಿಡಿದು ಪೊಲೀಸರು ಕೇಸು ಹಾಕುತ್ತಲೇ ಇದ್ದಾರೆ, ಅಪ್ಪ-ಅಮ್ಮಂದಿರು ಠಾಣೆಗೆ ಅಲೆಯುತ್ತಲೇ ಇದ್ದಾರೆ. ರಸ್ತೆಯಲ್ಲಿ ಬೇಡ ಅನ್ನುವುದು ಸರಿ. ಮತ್ತೆಲ್ಲಿ ಎಂಬುದಕ್ಕೆ ನಮ್ಮ ಉತ್ತರ ಚೆನ್ನೈ ಬಳಿಯ ಶ್ರೀಪೆರಂಬುದೂರಿನ ಟ್ರ್ಯಾಕು ಅಥವಾ ಕೊಯಮತ್ತೂರಿನದು. ಅಷ್ಟು ದೂರ ಹೋಗುವ ಮಧ್ಯಮವರ್ಗದ ಹುಡುಗನಿಗೆ ತಕ್ಕ ರೇಸು ಬೇಕಾದರೆ ಅದನ್ನು ಕಟ್ಟುವ ವಿದ್ಯೆ ನಮಗೆ ಅಪರಿಚಿತವೇನಲ್ಲ. ಕರಾವಳಿ, ಮಲೆನಾಡಿನ ಟೆನಿಸ್ ಬಾಲ್ ಕ್ರಿಕೆಟ್ ಪಂದ್ಯಾವಳಿಗಳನ್ನೇ ನೋಡಿ. ದುಡ್ಡು ಕೊಟ್ಟು ಹೊರಗಿನ ಆಟಗಾರರನ್ನು ಇಳಿಸುವ ತಂಡಗಳು ಹೆಚ್ಚಾಗಿ ಊರ ಹುಡುಗರು ಬೌಂಡರಿಯಾಚೆ ಕೂರುವಂತಾದಾಗ, ಗ್ರಾಮ ಪಂಚಾಯಿತಿ ವ್ಯಾಪ್ತಿಯ ಆಟಗಾರರಿಗೆ ಮಾತ್ರ ಎಂದು ಬ್ಯಾನರಿನಲ್ಲೇ ಅಚ್ಚು ಹಾಕಿಸುವ ಸಂಘಟಕರಿದ್ದಾರೆ. ಫಿನ್ಲೆಂಡಿನವರ ಕಲಮಿಗೂ ಇದಕ್ಕೂ ಉದ್ದೇಶ ಒಂದೇ. ಪಂದ್ಯಾವಳಿಯ ಗಾತ್ರ ಕುಗ್ಗುವುದಿಲ್ಲ, ಪಂಚಾಯಿತಿಗೊಂದರಂತೆ ಪಂದ್ಯಾವಳಿಗಳೇ ಹೆಚ್ಚುತ್ತವೆ.

ಆದ್ದರಿಂದ ಹೊಸದಾಗಿ ಕ್ಲಬ್ಬು ಕಟ್ಟುವ ಉತ್ಸಾಹಿಗಳಲ್ಲಿ ಒಂದು ಮಾತು. ನಿಯಮವನ್ನು ರೇಸು ದೊಡ್ಡದಾದ ಮೇಲೆ ಬರೆಯೋಣ ಅನ್ನಬೇಡಿ. ಆಗ ಮತ ಹಾಕುವವರೆಲ್ಲ ದುಬಾರಿ ಕಾರಿನ ಮಾಲೀಕರೇ ಆಗಿರುತ್ತಾರೆ. ಕಾರುಗಳು ಹತ್ತೇ ಇದ್ದಾಗ ಬರೆದು, ವರ್ಷ ವರ್ಷ ಬದಲಿಸದೆ ಇಟ್ಟುಕೊಳ್ಳಿ. ನಿಯಮ ಬದಲಾದ ಪ್ರತಿ ಸಲ ಯಾರದೋ ಶೆಡ್ಡಿನಲ್ಲಿ ಒಂದು ಒಳ್ಳೆಯ ಕಾರು ಗುಜರಿಯಾಗುತ್ತದೆ. ಅರವತ್ತರ ದಶಕದಲ್ಲಿ ಫೋಕ್ಸ್‌ವ್ಯಾಗನ್ ಬೀಟಲ್‌ನ 1200 ಸಿಸಿ ಇಂಜಿನ್ ನಂಬಿ ಶುರುವಾದ ಫಾರ್ಮುಲಾ ವೀ ಅಮೆರಿಕದಲ್ಲಿ ಇವತ್ತಿಗೂ ಓಡುತ್ತಿರುವುದು ಈ ಹಟದಿಂದಲೇ.

ಇನ್ನು ಓಡಿಸುವ ಆಸೆಯಿದ್ದೂ ಸದ್ಯಕ್ಕೆ ದುಡ್ಡಿಲ್ಲದವರಿಗೆ. ಯಾವ ಹವ್ಯಾಸಿ ರೇಸಾದರೂ ಅಗ್ಗವಾಗಿ ಉಳಿಯುವುದು ಪ್ರತಿ ತಿರುವಿನಲ್ಲೂ ಬಾವುಟ ಹಿಡಿದು ಬಿಸಿಲಲ್ಲಿ ನಿಲ್ಲುವ ಮಾರ್ಷಲ್‌ಗಳಿಂದ. ಅವರಿಗೆಲ್ಲ ಸಂಬಳ ಕೊಡುವಂತಾದರೆ ಪ್ರವೇಶ ಶುಲ್ಕ ಯಾರಿಗೂ ಎಟುಕುವುದಿಲ್ಲ. ಚೆನ್ನೈ, ಕೊಯಮತ್ತೂರಿನ ರೇಸುಗಳಿಗೂ ಅಂಥ ಕೈಗಳು ಬೇಕು. ಒಂದು ವಾರಾಂತ್ಯ ಬಿಡುವು ಮಾಡಿಕೊಂಡು ಹೆಸರು ಕೊಡಿ. ರೇಸನ್ನು ಟ್ರ್ಯಾಕಿನ ಅಂಚಿನಿಂದ ನೋಡಲು ಸಿಗುತ್ತದೆ, ಟಿಕೆಟ್ ಬೇಕಿಲ್ಲ.