ದೇವಾಲಯದ ನೆಲಕ್ಕೆ ಯಾವ ಕಲ್ಲು?



ಕಳೆದ ತಿಂಗಳು ಕ್ವಾರಿ ನಡೆಸುವ ಹಿತೈಷಿಯೊಬ್ಬರು ಗುರುಮನೆಗೆ ಬಂದಿದ್ದರು. ನಮ್ಮ ದೇವಾಲಯದ ನೆಲ ಅಲ್ಲಲ್ಲಿ ಒಡೆದಿರುವುದನ್ನು ನೋಡಿ, "ಸ್ವಾಮಿ, ಪೂರ್ತಿ ಗ್ರಾನೈಟ್ ಹಾಸಿಸಿಕೊಡ್ತೀನಿ, ಒಂದು ರೂಪಾಯಿಯೂ ಬೇಡ" ಎಂದರು. ಒಳ್ಳೆಯ ಮನಸ್ಸಿನಿಂದಲೇ ಹೇಳಿದರು. ನಾನೂ ಒಪ್ಪಿಬಿಡುತ್ತಿದ್ದೆ. ಆದರೆ ಅದೇ ಭಾನುವಾರ ಕನ್ನಡ ಪೂಜೆ ಮುಗಿದ ಮೇಲೆ ಒಬ್ಬ ಅಜ್ಜಿ ಸೆರಗಿನಿಂದ ಒಂದು ಕಾಗದ ತೆಗೆದು, "ಇದರಲ್ಲಿ ಏನು ಬರೆದಿದೆ, ಓದಿ ಹೇಳಿ ಸ್ವಾಮಿ" ಎಂದರು. ತಮಿಳಿನಲ್ಲಿದ್ದ ನೋಟೀಸು. ಅವರ ರಾಗಿ ಹೊಲದಾಚೆಯ ಗುಡ್ಡದಲ್ಲಿ ಕಲ್ಲು ತೆಗೆಯುವ ವಿಷಯ. ಆ ಗುಡ್ಡದ ಬೆನ್ನಿಗೇ ರಿಸರ್ವ್ ಫಾರೆಸ್ಟ್.

ಓದಿ ಹೇಳಿದೆ. ಆಮೇಲೆ ನೆಲದ ಬಗ್ಗೆ ಆ ಹಿತೈಷಿಗೆ ಉತ್ತರ ಕೊಡಲು ನನ್ನಿಂದ ಆಗಲಿಲ್ಲ. ಇಂದಿನವರೆಗೂ ಕೊಟ್ಟಿಲ್ಲ.

ನಮ್ಮ ಕೃಷ್ಣಗಿರಿ ಜಿಲ್ಲೆಯ ಕಲ್ಲು ದೇಶದೇಶಗಳಿಗೆ ಹೋಗುತ್ತದೆ. ಇಲ್ಲಿನ ಒಂದು ಬಗೆಯ ಗ್ರಾನೈಟಿಗೆ ವ್ಯಾಪಾರದಲ್ಲಿ 'ಪ್ಯಾರಡೈಸೊ' ಎಂದು ಹೆಸರು. ಇಟಾಲಿಯನ್ ಭಾಷೆಯಲ್ಲಿ ಸ್ವರ್ಗ ಎಂದರ್ಥ! ಇದೇ ಸೀಮೆ ಆನೆಗಳದ್ದೂ ಹೌದು. ರಾಗಿ ತೆನೆ ಕಟ್ಟುವ ಹೊತ್ತಿಗೆ ಬನ್ನೇರುಘಟ್ಟದ ಕಡೆಯಿಂದ ಜವಳಗಿರಿ, ಡೆಂಕಣಿಕೋಟೆ, ಸಾನಮಾವು ಕಾಡುಗಳಿಗೆ ಹಿಂಡುಹಿಂಡಾಗಿ ಬರುತ್ತವೆ. ಅಟ್ಟಣೆಯ ಮೇಲೆ ರಾತ್ರಿಯಿಡೀ ಕೂತು ಹೊಲ ಕಾದವರಿಗೆ ಆನೆಯ ಬಗ್ಗೆ ನಾನು ಹೇಳಿಕೊಡಬೇಕಾದದ್ದು ಏನೂ ಇಲ್ಲ.

ಸರ್ಕಾರವೂ ಈ ಕಾಡನ್ನು ಕಾಪಾಡಲು ಕೆಲಸ ಮಾಡಿದೆ. 2014ರಲ್ಲಿ ಕಾವೇರಿ ಉತ್ತರ ವನ್ಯಜೀವಿಧಾಮ ಆಯಿತು. 2022ರ ನವೆಂಬರಿನಲ್ಲಿ 686 ಚದರ ಕಿಲೋಮೀಟರಿನ ಕಾವೇರಿ ದಕ್ಷಿಣ ವನ್ಯಜೀವಿಧಾಮವೂ ಆಯಿತು. ಅದಕ್ಕೂ ಒಂದು ವರ್ಷ ಮೊದಲು, 2021ರ ನವೆಂಬರಿನಲ್ಲಿ, ವನ್ಯಜೀವಿಧಾಮಗಳಿಂದಲೂ ರಿಸರ್ವ್ ಫಾರೆಸ್ಟ್‌ಗಳಿಂದಲೂ ಒಂದು ಕಿಲೋಮೀಟರ್ ಒಳಗೆ ಕ್ವಾರಿ ಕೂಡದು ಎಂಬ ಆದೇಶ ಹೊರಟಿತ್ತು. ಆದರೆ ಕಾವೇರಿ ದಕ್ಷಿಣವನ್ನು ಘೋಷಿಸಿದ ಮರುತಿಂಗಳೇ, 2022ರ ಡಿಸೆಂಬರಿನಲ್ಲಿ, ತಿದ್ದುಪಡಿ ತಂದು ರಿಸರ್ವ್ ಫಾರೆಸ್ಟ್ ಎಂಬ ಮಾತನ್ನು ಆ ಪಟ್ಟಿಯಿಂದ ತೆಗೆದುಹಾಕಿದರು. 2023ರ ಏಪ್ರಿಲಿನಲ್ಲಿ ಸುಪ್ರೀಂ ಕೋರ್ಟು ಹೇಳಿದ ಒಂದು ಕಿಲೋಮೀಟರಿನ ಗಣಿ ನಿಷೇಧವೂ ರಾಷ್ಟ್ರೀಯ ಉದ್ಯಾನ, ವನ್ಯಜೀವಿಧಾಮಗಳಿಗೆ ಮಾತ್ರ. ವನ್ಯಜೀವಿಧಾಮ ಎಲ್ಲಿ ಮುಗಿಯಿತು, ಬರೀ ರಿಸರ್ವ್ ಫಾರೆಸ್ಟ್ ಎಲ್ಲಿ ಶುರುವಾಯಿತು ಎಂಬುದನ್ನು ಆನೆಗೆ ಯಾರು ಓದಿ ಹೇಳಬೇಕು?

ಇಂಥ ಜಗಳ ನಮ್ಮಲ್ಲಿ ಮಾತ್ರವಲ್ಲ. ದೂರದ ಅಲಾಸ್ಕದಲ್ಲಿ 1960ರಿಂದ ಕಾಯ್ದಿಟ್ಟಿರುವ ಒಂದು ದೊಡ್ಡ ವನ್ಯಧಾಮವಿದೆ. ಅದರ ಕರಾವಳಿ ಬಯಲಿನಲ್ಲಿ ಎಣ್ಣೆಬಾವಿ ತೋಡಬಹುದೇ ಬೇಡವೇ ಎಂದು ಹತ್ತಾರು ವರ್ಷಗಳಿಂದ ವಾದ ನಡೆದಿದೆ. ಅಲ್ಲಿ ಮರಿಹಾಕುವ ಕ್ಯಾರಿಬೂ ಎಂಬ ಜಿಂಕೆಗಳನ್ನೇ ನಂಬಿ ಬದುಕುವ ಗ್ವಿಚಿನ್ ಜನರು ಬೇಡವೆನ್ನುತ್ತಾರೆ. ಅದೇ ಬಯಲಿನಲ್ಲಿ ಮನೆಮಾಡಿಕೊಂಡಿರುವ ಇನುಪಿಯಾತ್ ಜನರಲ್ಲಿ ಅನೇಕರು, ಶಾಲೆಗೂ ಆಸ್ಪತ್ರೆಗೂ ಆ ಹಣ ಬೇಕು ಎನ್ನುತ್ತಾರೆ. ಇಬ್ಬರೂ ಆ ನೆಲದ ಮಕ್ಕಳೇ. ನಮ್ಮ ಬೆಂಚುಗಳಲ್ಲೂ ಹಾಗೇ ಅಲ್ಲವೇ? ಒಂದು ಬೆಂಚಿನಲ್ಲಿ ರಾಗಿ ಬೆಳೆಯುವವರು, ಹಿಂದಿನ ಬೆಂಚಿನಲ್ಲಿ ಕ್ವಾರಿಗೆ, ಕ್ರಷರಿಗೆ ಹೋಗುವವರು, ಟಿಪ್ಪರ್ ಓಡಿಸುವವರು.

ಕಲ್ಲು ಒಡೆಯುವುದು ಪಾಪ ಎಂದು ಪವಿತ್ರ ಬೈಬಲ್ ಎಲ್ಲೂ ಹೇಳುವುದಿಲ್ಲ. ಸೊಲೊಮೋನನ ದೇವಾಲಯಕ್ಕಾಗಿ ಬೆಟ್ಟದಲ್ಲಿ ಎಂಬತ್ತು ಸಾವಿರ ಮಂದಿ ಕಲ್ಲುಕುಟಿಗರು ದುಡಿದರೆಂದು ಅರಸುಗಳ ಮೊದಲನೆಯ ಗ್ರಂಥ ಲೆಕ್ಕ ಕೊಡುತ್ತದೆ. ಧೂಳು ಕುಡಿದು ದುಡಿಯುವ ನಮ್ಮ ಅಣ್ಣತಮ್ಮಂದಿರನ್ನು ಯಾರೂ ಕೀಳಾಗಿ ಕಾಣಬಾರದು. ಆದರೆ ಮನೆಗೆ ಹೋಗಿ ಯೋಬನ ಗ್ರಂಥದ 28ನೇ ಅಧ್ಯಾಯ ತೆರೆದು ನೋಡಿ. ಅದು ಗಣಿಯ ಅಧ್ಯಾಯವೇ. ಮನುಷ್ಯ ಹಗ್ಗದಲ್ಲಿ ಜೋತಾಡುತ್ತಾ ಕತ್ತಲೆಗೆ ಇಳಿಯುತ್ತಾನೆ, ಹದ್ದಿನ ಕಣ್ಣಿಗೂ ಬೀಳದ ದಾರಿ ಹುಡುಕುತ್ತಾನೆ, ಬೆಟ್ಟವನ್ನು ಬುಡಸಮೇತ ಮಗುಚುತ್ತಾನೆ. ಅವನ ಜಾಣತನವನ್ನು ಆ ಭಕ್ತ ಮನಸಾರೆ ಮೆಚ್ಚುತ್ತಾನೆ. ಮೆಚ್ಚಿದ ಮೇಲೆ ಕೇಳುವುದು ಒಂದೇ ಪ್ರಶ್ನೆ: ಇಷ್ಟೆಲ್ಲಾ ಅಗೆದವನಿಗೆ ಸುಜ್ಞಾನ ಸಿಕ್ಕಿತೇ? ಆಳವನ್ನು ಕೇಳಿದರೆ ನನ್ನಲ್ಲಿಲ್ಲ ಎನ್ನುತ್ತದೆ, ಸಮುದ್ರವೂ ಹಾಗೇ ಎನ್ನುತ್ತದೆ.

ಏದೆನ್ ತೋಟವನ್ನು ಮನುಷ್ಯನ ಕೈಗೆ ಒಪ್ಪಿಸಿದಾಗ ಸರ್ವೇಶ್ವರ ಕೊಟ್ಟದ್ದು ಎರಡು ಕೆಲಸ, ವ್ಯವಸಾಯ ಮಾಡುವುದು ಮತ್ತು ಕಾಯುವುದು. ವಿಶ್ವಗುರು ಫ್ರಾನ್ಸಿಸ್ ಅವರು 2015ರ 'ಲೌದಾತೊ ಸೀ' ಪರಿಪತ್ರದಲ್ಲಿ ಈ ವಾಕ್ಯವನ್ನೇ ಹಿಡಿದು ಮಾತನಾಡಿದ್ದಾರೆ. ನಾವು ಮೊದಲನೆಯದನ್ನು ಬಿಟ್ಟಿಲ್ಲ. ಎರಡನೆಯದನ್ನು ಅರಣ್ಯ ಇಲಾಖೆಯ ಗಾರ್ಡಿಗೆ ಬಿಟ್ಟುಬಿಟ್ಟಿದ್ದೇವೆ. ನನ್ನನ್ನೂ ಸೇರಿಸಿಯೇ ಹೇಳುತ್ತಿದ್ದೇನೆ. ನಮ್ಮ ಬಲಿಪೀಠದ ಮೇಲ್ಗಲ್ಲು ಕರಿ ಗ್ರಾನೈಟು. ಅದು ಯಾವ ಗುಡ್ಡದಿಂದ ಬಂತೆಂದು ನಾನು ಒಂದು ದಿನವೂ ಕೇಳಿಲ್ಲ. ಕಲ್ಲಿನ ಬಲಿಪೀಠ ಕಟ್ಟುವುದಾದರೆ ಉಳಿ ಮುಟ್ಟಿಸದ ಕಲ್ಲಿನಿಂದಲೇ ಕಟ್ಟಬೇಕೆಂದು ಸರ್ವೇಶ್ವರ ಮೋಶೆಗೆ ಅಪ್ಪಣೆ ಕೊಟ್ಟದ್ದು ವಿಮೋಚನಾಕಾಂಡದಲ್ಲಿದೆ. ಇಷ್ಟು ವರ್ಷ ಪೂಜೆ ಅರ್ಪಿಸಿದ ಮೇಲೆ, ಈಗ ಆ ವಾಕ್ಯ ಓದಿದರೆ ಕೈ ತಡೆಯುತ್ತದೆ.

ಹಿತೈಷಿಗೆ ಕೊಡುವ ಉತ್ತರವನ್ನು ನಾನೊಬ್ಬನೇ ತೀರ್ಮಾನಿಸುವುದಿಲ್ಲ. ನನ್ನ ಮನಸ್ಸು ಬೇಡವೆನ್ನುತ್ತಿದೆ. ಅವರ ಕಲ್ಲು ಹಾಸಿಕೊಂಡು ಅದರ ಮೇಲೆ ನಿಂತರೆ ಅಜ್ಜಿಯ ಗುಡ್ಡದ ಮಾತನ್ನು ನನ್ನಿಂದ ಬಾಯಿಬಿಟ್ಟು ಆಡಲಾಗುವುದಿಲ್ಲ. ಒಡೆದ ನೆಲಕ್ಕೆ ಸಿಮೆಂಟು ಮೆತ್ತಿದರೂ ನಡೆಯುತ್ತದೆ. ಆದರೂ ಕ್ವಾರಿ ಕೂಲಿಯಿಂದ ಮಕ್ಕಳನ್ನು ಓದಿಸುತ್ತಿರುವವರು ಏನು ಹೇಳುತ್ತಾರೋ ಕೇಳದೆ ನಿರ್ಧರಿಸುವುದು ನ್ಯಾಯವಲ್ಲ. ಬರುವ ಭಾನುವಾರ ಕನ್ನಡ ಪೂಜೆಯ ನಂತರ ದೇವಾಲಯದಲ್ಲೇ ಕೂರೋಣ. ತಮಿಳು, ತೆಲುಗು ಪೂಜೆಯವರಿಗೂ ಹೇಳಿ ಕಳುಹಿಸಿದ್ದೇನೆ.

ಅಕ್ಟೋಬರ್ 2ರಂದು ಗ್ರಾಮಸಭೆ ಇದೆ. ತಮಿಳು ಓದಬಲ್ಲ ಯುವಕ ಯುವತಿಯರು ಅದಕ್ಕೆ ಮುಂಚೆ ಅಜ್ಜಿಯ ಬೀದಿಗೆ ಹೋಗಿ, ಆ ನೋಟೀಸನ್ನು ಮನೆಮನೆಯಲ್ಲೂ ಕನ್ನಡದಲ್ಲಿ ಹೇಳಿ ಬನ್ನಿ. ಅದರ ಪ್ರತಿ ಗುರುಮನೆಯಲ್ಲಿದೆ.