ಇನ್ನೂ ನೂರು ಅಡಿ

ನಗರಗೆರೆಯ ನಮ್ಮ ಹೊಲದಲ್ಲಿ ಬೋರ್ ಹಾಕಿಸಿದಾಗ ನಾನು ಪಿಯುಸಿ ಓದುತ್ತಿದ್ದೆ. ಪಾಯಿಂಟ್ ನೋಡಲು ಬಂದಾತ ಅಂಗೈ ಮೇಲೆ ತೆಂಗಿನಕಾಯಿ ಇಟ್ಟುಕೊಂಡು ಹೊಲವೆಲ್ಲ ಸುತ್ತಿದ. ಬದುವಿನ ಹತ್ತಿರ ಕಾಯಿ ಎದ್ದು ನಿಂತಿತು. ಆರುನೂರು ಅಡಿಗೆ ಎರಡಿಂಚು ನೀರು ಎಂದ. ರಾತ್ರಿ ಲಾರಿ ಬಂತು. ಆರುನೂರಕ್ಕೆ ಬರೀ ಬಿಳಿ ಧೂಳು. "ಇನ್ನೊಂದು ನೂರಡಿ ಬಿಡ್ಸಣ್ಣಾ, ಕೆಳಗೆ ಸೆಲೆ ಐತೆ" ಎಂದ. ಏಳುನೂರಕ್ಕೂ ಅದೇ ಧೂಳು, ಅದೇ ಮಾತು. ಹೀಗೆ ನೂರು ನೂರಾಗಿ ಇಳಿದು 1,240 ಅಡಿ ಮುಟ್ಟುವಷ್ಟರಲ್ಲಿ ಅಪ್ಪ ಸಾಲ ತಂದಿದ್ದ ದುಡ್ಡು ಮುಗಿದಿತ್ತು. ಲಾರಿಯವರು ರಾಡು ಎತ್ತುವಾಗ ಅಪ್ಪ ಬೈಯಲಿಲ್ಲ, ಕೂಗಾಡಲಿಲ್ಲ. ಒಂದೇ ಮಾತು ಕೇಳಿದರು: "ಎಲ್ಲಿಗೆ ನಿಲ್ಲಿಸಬೇಕು ಅಂತ ಮೊದಲೇ ಯಾಕಪ್ಪಾ ಹೇಳಲಿಲ್ಲ?"

ಎಷ್ಟೋ ವರ್ಷಗಳ ಮೇಲೆ ಭೌತವಿಜ್ಞಾನದ ಪುಸ್ತಕಗಳನ್ನು ಓದುವಾಗ ಈ ಪ್ರಶ್ನೆ ಮತ್ತೆ ಎದುರಾಯಿತು.

ಜಗತ್ತಿನ ಮೂಲಕಣಗಳಲ್ಲಿ ಎರಡು ಕುಲ. ಎಲೆಕ್ಟ್ರಾನ್, ಕ್ವಾರ್ಕ್‌ಗಳಂಥವು ವಸ್ತುವನ್ನು ಕಟ್ಟುವ ಫರ್ಮಿಯಾನ್‌ಗಳು. ಬೆಳಕಿನ ಕಣವಾದ ಫೋಟಾನಿನಂಥವು ಬಲಗಳನ್ನು ಹೊತ್ತು ತಿರುಗುವ ಬೋಸಾನ್‌ಗಳು. ಒಂದು ಕುಲದ ಪ್ರತಿ ಕಣಕ್ಕೂ ಇನ್ನೊಂದು ಕುಲದಲ್ಲಿ ಒಂದು ಜೋಡಿ ಇದೆ ಎನ್ನುವುದೇ ಸೂಪರ್‌ಸಿಮೆಟ್ರಿ. ಇದು 1970ರ ದಶಕದಲ್ಲಿ ಹುಟ್ಟಿದ ಊಹೆ. ಇದನ್ನು ಒಪ್ಪಿದರೆ ಹಲವು ತೊಡಕುಗಳು ಒಟ್ಟಿಗೇ ಬಿಡಿಸಿಕೊಳ್ಳುತ್ತವೆ. ಹಿಗ್ಸ್ ಕಣದ ತೂಕ ಯಾಕೆ ಹದ್ದು ಮೀರಿ ಬೆಳೆಯುವುದಿಲ್ಲ ಎಂಬುದಕ್ಕೆ ಉತ್ತರ ಸಿಗುತ್ತದೆ. ಕಣ್ಣಿಗೆ ಕಾಣದ ಕಪ್ಪುದ್ರವ್ಯ ಯಾವುದರಿಂದ ಆಗಿರಬಹುದು ಎಂಬುದಕ್ಕೂ ಒಂದು ಸುಳಿವು ಸಿಗುತ್ತದೆ. ಕಣವೆಂದರೆ ಚುಕ್ಕಿಯಲ್ಲ, ಮಿಡಿಯುವ ಎಳೆ ಎನ್ನುವ ಸ್ಟ್ರಿಂಗ್ ಸಿದ್ಧಾಂತಕ್ಕಂತೂ ಇದು ಬೇಕೇ ಬೇಕು. ಇದಿಲ್ಲದೆ ಆ ಎಳೆಗಳ ಲೆಕ್ಕದಲ್ಲಿ ಎಲೆಕ್ಟ್ರಾನಿಗೆ ಜಾಗವೇ ಸಿಗಲಿಲ್ಲ. ಇಷ್ಟು ಚಂದದ್ದು ಸುಳ್ಳಾಗಲಾರದು ಎಂದು ಬಹಳ ಜನ ನಂಬಿದರು.

ಜಿನೀವಾ ಬಳಿಯ 27 ಕಿಲೋಮೀಟರ್ ಸುತ್ತಳತೆಯ ಯಂತ್ರ 2012ರಲ್ಲಿ ಹಿಗ್ಸ್ ಕಣವನ್ನು ತೋರಿಸಿತು. ಜೋಡಿಕಣಗಳು ಮಾತ್ರ ಇವತ್ತಿನವರೆಗೆ ಒಂದೂ ಸಿಕ್ಕಿಲ್ಲ. ಹಿಗ್ಸ್ ಜೊತೆಯಲ್ಲೇ ಕಾಣಿಸಿಕೊಳ್ಳುತ್ತವೆ ಎಂದಿದ್ದವರಲ್ಲಿ ಹಲವರು ಆಮೇಲೆ, ಅವು ಇನ್ನೂ ತೂಕದವು, ಅವನ್ನು ಕಾಣಲು ಇನ್ನೂ ದೊಡ್ಡ ಯಂತ್ರ ಬೇಕು ಎಂದರು. ಈಗ ಸುಮಾರು 91 ಕಿಲೋಮೀಟರ್ ಸುತ್ತಳತೆಯ ಯಂತ್ರದ ಯೋಜನೆ ಮುಂದಿದೆ. ಅದಕ್ಕೆ ಬೇರೆ ಕಾರಣಗಳೂ ಇವೆ, ನಿಜ. ಆದರೂ ಓದುವಾಗ ನನ್ನ ಕಿವಿಗೆ ಬಿದ್ದದ್ದು ಆ ರಾತ್ರಿಯ ದನಿಯೇ: ಇನ್ನೊಂದು ನೂರಡಿ ಬಿಡ್ಸಣ್ಣಾ.

ಹೀಗೆಂದು ನಕ್ಕುಬಿಡುವುದು ಸುಲಭ. ನಮ್ಮ ತಾಲ್ಲೂಕಿನವರಿಗೆ ಇನ್ನೂ ಸುಲಭ. ಗೌರಿಬಿದನೂರಿನ ಹೊಸೂರಿನಲ್ಲಿ 1920ರಲ್ಲಿ ಹುಟ್ಟಿದ ಎಚ್. ನರಸಿಂಹಯ್ಯನವರು ಭೌತವಿಜ್ಞಾನದ ಮೇಷ್ಟರು. ಪ್ರಶ್ನೆ ಮಾಡದೆ ಏನನ್ನೂ ಒಪ್ಪಬಾರದು ಎಂದು ಬದುಕಿನುದ್ದಕ್ಕೂ ಹೇಳಿಕೊಂಡು ಬಂದವರು. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ, 1976ರಲ್ಲಿ, ಪವಾಡಗಳನ್ನು ಪರೀಕ್ಷಿಸಲು ಸಮಿತಿ ಮಾಡಿದವರು. ಅವರ ಪ್ರಶ್ನೆಯನ್ನು ಸ್ಟ್ರಿಂಗ್ ಸಿದ್ಧಾಂತದ ಮುಂದಿಟ್ಟರೆ ಏನಾಗುತ್ತದೆ? ಪುರಾವೆ ಎಲ್ಲಿ ಎಂದು ಕೇಳಿ, ಇಲ್ಲ ಎಂದಾಕ್ಷಣ ಬಾಗಿಲು ಹಾಕಿಬಿಡಬೇಕೇ?

ಹಾಗೆ ಹಾಕಿದ್ದರೆ ನ್ಯೂಟ್ರಿನೋ ಹೊರಗೇ ಉಳಿಯುತ್ತಿತ್ತು. ಅಂಥದೊಂದು ಕಣ ಇರಲೇಬೇಕೆಂದು ಪೌಲಿ ಹೇಳಿದ್ದು 1930ರಲ್ಲಿ, ಅದು ಪ್ರಯೋಗದಲ್ಲಿ ಸಿಕ್ಕಿದ್ದು 1956ರಲ್ಲಿ. ಗುರುತ್ವದ ಅಲೆಗಳು ನೂರು ವರ್ಷ ಕಾಯಿಸಿದವು. ಪುರಾವೆ ಇನ್ನೂ ಬಂದಿಲ್ಲ ಎನ್ನುವುದು ತಪ್ಪಲ್ಲ, ಕಾಯುವುದೂ ತಪ್ಪಲ್ಲ. ಹಾಗಾದರೆ ಮರ್ಯಾದೆಯಿಂದ ಕಾಯುವವನಿಗೂ ನೂರಡಿ ನೂರಡಿ ಎನ್ನುವವನಿಗೂ ಏನು ವ್ಯತ್ಯಾಸ?

ಉತ್ತರ ಹುಡುಕಲು ದೂರ ಹೋಗಬೇಕಿಲ್ಲ. 2007ರಲ್ಲಿ ಚಿಕ್ಕಬಳ್ಳಾಪುರ ಬೇರೆ ಜಿಲ್ಲೆಯಾಗುವ ತನಕ ನಮ್ಮದೂ ಕೋಲಾರ ಜಿಲ್ಲೆಯೇ. ಆ ಜಿಲ್ಲೆಯ ಇನ್ನೊಂದು ತುದಿಯ ಕೆಜಿಎಫ್‌ನಲ್ಲಿ, ಚಿನ್ನದ ಗಣಿಯ ಆಳದಲ್ಲಿ, ವಾತಾವರಣದಲ್ಲಿ ಹುಟ್ಟಿದ ನ್ಯೂಟ್ರಿನೋಗಳ ಗುರುತನ್ನು 1965ರಲ್ಲಿ ಹಿಡಿದರು. 1980ರ ದಶಕದಲ್ಲಿ ಅದೇ ಗಣಿಯಲ್ಲಿ, ಎರಡು ಕಿಲೋಮೀಟರಿಗೂ ಹೆಚ್ಚು ಕೆಳಗೆ, ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯವರೂ ಜಪಾನಿನವರೂ ಸೇರಿ ಕಬ್ಬಿಣದ ಹಲಗೆಗಳನ್ನು ಜೋಡಿಸಿ ಕುಳಿತರು. ಪ್ರೋಟಾನ್ ಎಂದಾದರೂ ಸಾಯುತ್ತದೆಯೇ ಎಂದು ನೋಡುವುದು ಅವರ ಕೆಲಸ. ಗುರುತ್ವವನ್ನು ಬಿಟ್ಟು ಉಳಿದ ಬಲಗಳನ್ನು ಒಂದುಗೂಡಿಸುವ ಅತಿ ಸರಳ ಸಿದ್ಧಾಂತವೊಂದು 1974ರಲ್ಲಿ ಬಂದಿತ್ತು. ಪ್ರೋಟಾನಿನ ಆಯುಸ್ಸು 1ರ ಮುಂದೆ ಮೂವತ್ತರ ಆಸುಪಾಸು ಸೊನ್ನೆ ಹಾಕಿದಷ್ಟು ವರ್ಷ ಎಂದು ಅದರ ಲೆಕ್ಕ ಹೇಳುತ್ತಿತ್ತು. ಒಂದು ಪ್ರೋಟಾನಿನ ಮುಂದೆ ಅಷ್ಟು ವರ್ಷ ಕೂರಲಾಗದು. ಆದರೆ ಟನ್ನುಗಟ್ಟಲೆ ಕಬ್ಬಿಣದಲ್ಲಿ ಲೆಕ್ಕವಿಲ್ಲದಷ್ಟು ಪ್ರೋಟಾನ್‌ಗಳಿವೆ; ವರ್ಷಕ್ಕೆ ಒಂದೆರಡಾದರೂ ಸಾಯಬೇಕು. ಕೆಜಿಎಫ್‌ನವರಿಗೆ ಅಂಥ ಕೆಲವು ಗುರುತು ಕಂಡವು. ಅಮೆರಿಕ, ಜಪಾನಿನ ಇನ್ನೂ ದೊಡ್ಡ ಪ್ರಯೋಗಗಳಿಗೆ ಕಾಣಲಿಲ್ಲ. ಆ ಸರಳ ಸಿದ್ಧಾಂತ ಅಲ್ಲಿಗೆ ಮುಗಿಯಿತು.

ಅದು ಸೋತ ರೀತಿಯಲ್ಲಿ ಒಂದು ಘನತೆ ಇದೆ. ಎಷ್ಟು ಅಡಿಗೆ ನೀರು ಎಂದು ಅದು ಮೊದಲೇ ಹೇಳಿತ್ತು. ಅಷ್ಟಕ್ಕೆ ಸಿಗದಿದ್ದಾಗ ಅದನ್ನು ಬಿಟ್ಟುಕೊಡುವುದು ಸಾಧ್ಯವಾಯಿತು. ಅದರ ಬೆನ್ನಿಗೇ ಸೂಪರ್‌ಸಿಮೆಟ್ರಿ ಬೆರೆಸಿದ ಹೊಸ ರೂಪಗಳು ಬಂದು ಪ್ರೋಟಾನಿನ ಆಯುಸ್ಸನ್ನು ಇನ್ನೂ ಮುಂದಕ್ಕೆ ಒಯ್ದವು. ಇಂದಿನ ಪ್ರಯೋಗಗಳು 1ರ ಮುಂದೆ 34 ಸೊನ್ನೆಯ ಗಡಿ ದಾಟಿವೆ. ಪ್ರೋಟಾನ್ ಸತ್ತದ್ದನ್ನು ಯಾರೂ ಕಂಡಿಲ್ಲ.

ಇನ್ನೊಂದು ಕತೆ ನಮ್ಮ ಮನೆಬಾಗಿಲಿನದು. ಬ್ರಹ್ಮಾಂಡದಲ್ಲಿ ಮೊದಲ ನಕ್ಷತ್ರಗಳು ಹೊತ್ತಿಕೊಂಡ ಕಾಲದ ರೇಡಿಯೋ ಗುರುತು ಸಿಕ್ಕಿತೆಂದು 2018ರಲ್ಲಿ ಅಮೆರಿಕದ ತಂಡವೊಂದು ಪ್ರಕಟಿಸಿತು. ಅವರ ಉಪಕರಣ ಇದ್ದದ್ದು ಆಸ್ಟ್ರೇಲಿಯಾದ ಮರುಭೂಮಿಯಲ್ಲಿ. ಕಂಡ ಗುರುತು ಲೆಕ್ಕಕ್ಕಿಂತ ಎರಡು ಪಟ್ಟಿಗೂ ಹೆಚ್ಚು ಆಳವಾಗಿತ್ತು. ಇದು ಕಪ್ಪುದ್ರವ್ಯದ ಕೈವಾಡ ಇರಬಹುದೆಂದು ಸಿದ್ಧಾಂತಿಗಳು ಸಾಲುಸಾಲಾಗಿ ಪ್ರಬಂಧ ಬರೆದರು. ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯವರು ಪ್ರಬಂಧಕ್ಕೆ ಮೊದಲು ನೀರು ಹುಡುಕಿದರು. ಆಂಟೆನಾ ಕೆಳಗಿನ ನೆಲದಲ್ಲಿ ಕಲ್ಲು, ಮಣ್ಣು, ತೇವ ಒಂದೊಂದು ಕಡೆ ಒಂದೊಂದು ತರ. ಆ ಏರುಪೇರೇ ಆಕಾಶದ ಗುರುತಿನಂತೆ ಮೋಸ ಮಾಡಬಹುದು. ಕೆರೆಯ ನೀರಾದರೆ ಎಲ್ಲ ಕಡೆ ಒಂದೇ ಸಮ. ಅದಕ್ಕೇ ಸರಸ್ 3 ಎಂಬ ಉಪಕರಣವನ್ನು ತೆಪ್ಪದ ಮೇಲಿಟ್ಟು 2020ರ ಮೊದಲ ತಿಂಗಳುಗಳಲ್ಲಿ ನಮ್ಮ ಸೀಮೆಯ ದಂಡಿಗಾನಹಳ್ಳಿ ಕೆರೆಯಲ್ಲೂ ಶರಾವತಿ ಹಿನ್ನೀರಿನಲ್ಲೂ ತೇಲಿಬಿಟ್ಟರು. ಆ ಗುರುತು ಅಲ್ಲಿ ಕಾಣಲಿಲ್ಲ. 2022ರ ಫೆಬ್ರುವರಿಯಲ್ಲಿ, ಶೇಕಡ 95ರ ಭರವಸೆಯಿಂದ, ಅದು ಆಕಾಶದಿಂದ ಬಂದದ್ದಲ್ಲ ಎಂದು ಪ್ರಕಟಿಸಿದರು.

ಹುಡುಕಿದೆವು, ಸಿಗಲಿಲ್ಲ ಎನ್ನುವುದಕ್ಕೆ ಹಾರ ತುರಾಯಿ ಇರುವುದಿಲ್ಲ. ಆದರೆ ವಿಜ್ಞಾನವನ್ನು ತೆಂಗಿನಕಾಯಿಯಿಂದ ಬೇರೆ ಮಾಡುವುದು ಈ ಮಾತೇ. ಪಾಯಿಂಟ್ ನೋಡಿದಾತ ಫೇಲಾದ ಬೋರಿನ ಹತ್ತಿರ ಮತ್ತೆ ಸುಳಿಯುವುದಿಲ್ಲ. ನೀರು ಬಿದ್ದ ಹೊಲಗಳನ್ನಷ್ಟೇ ಹೇಳಿಕೊಂಡು ತಿರುಗುತ್ತಾನೆ. ಜಿನೀವಾದ ತಂಡಗಳಾದರೋ ಜೋಡಿಕಣ ಎಲ್ಲೆಲ್ಲಿ ಇಲ್ಲ ಎಂಬುದನ್ನು ವರ್ಷ ವರ್ಷವೂ ಅಂಕಿಸಮೇತ ಅಚ್ಚು ಹಾಕಿವೆ.

ಸ್ಟ್ರಿಂಗ್ ಸಿದ್ಧಾಂತದ ಕಷ್ಟ ಇನ್ನೂ ಆಳದ್ದು. ಅದರ ಎಳೆಗಳು ಸಾಮಾನ್ಯ ಲೆಕ್ಕದಲ್ಲಿ ಎಷ್ಟು ಸಣ್ಣವೆಂದರೆ ಯಾವ ಯಂತ್ರವೂ ಅಲ್ಲಿಗೆ ಇಳಿಯಲಾರದು. ಅದರ ಸಮೀಕರಣಗಳು ಒಂದು ಜಗತ್ತನ್ನಲ್ಲ, 1ರ ಮುಂದೆ 500 ಸೊನ್ನೆಯಷ್ಟು ಜಗತ್ತುಗಳನ್ನು ಒಪ್ಪಬಹುದೆಂಬ ಅಂದಾಜಿದೆ. ಯಾವ ಅಡಿಗೆ ನೀರು ಬಂದರೂ ಸರಿ, ಬಾರದಿದ್ದರೂ ಸರಿ ಎಂದಂತಾಯಿತು. ಆದರೂ ಅದನ್ನು ಬರಿಗೈ ಎನ್ನಲಾಗದು. ಕಪ್ಪುಕುಳಿಗಳ ಎಂಟ್ರೊಪಿ ಎಲ್ಲಿಂದ ಬರುತ್ತದೆ ಎಂದು ಕೆಲವು ಬಗೆಯ ಕಪ್ಪುಕುಳಿಗಳ ಮಟ್ಟಿಗೆ ಅದು ಎಣಿಸಿ ತೋರಿಸಿದೆ, ಗಣಿತಕ್ಕೆ ಹೊಸ ದಾರಿಗಳನ್ನು ಕೊಟ್ಟಿದೆ. ಬೆಂಗಳೂರಿನ ಉತ್ತರಕ್ಕೆ, ಶಿವಕೋಟೆಯಲ್ಲಿರುವ ಅಂತರರಾಷ್ಟ್ರೀಯ ಸೈದ್ಧಾಂತಿಕ ವಿಜ್ಞಾನಗಳ ಕೇಂದ್ರದಲ್ಲಿ ಅಶೋಕ್ ಸೇನ್‌ರಂಥವರು ಅದೇ ಕೆಲಸದಲ್ಲಿದ್ದಾರೆ. ಕೆಲಸವನ್ನು ನಿಲ್ಲಿಸಿ ಎನ್ನುವ ಹಕ್ಕು ನನಗಿಲ್ಲ. ಆದರೆ ನಮ್ಮೂರ ಕಡೆಯಿಂದ ಒಂದು ಹುಡುಗಿ ಭೌತವಿಜ್ಞಾನ ಓದಿ ಹತ್ತು ವರ್ಷದ ಬದುಕನ್ನು ಇದಕ್ಕೆ ಕೊಡಲು ಹೊರಟರೆ, ಅವಳಿಗೆ ಹೇಳಬೇಕಾದ್ದು ಒಂದಿದೆ: ಇದು ಸದ್ಯಕ್ಕೆ ನೀರಲ್ಲ ಮಗಳೇ, ನೀರಿನ ನಕ್ಷೆ, ಚಂದದ ನಕ್ಷೆ, ಸಾಲ ನಿನ್ನ ಹೆಸರಿನಲ್ಲಿರುತ್ತದೆ. ಅಷ್ಟು ತಿಳಿದ ಮೇಲೂ ಅವಳು ಹೋಗುತ್ತೇನೆಂದರೆ ಅದು ಅವಳ ಧೈರ್ಯ. ತಿಳಿಸದೆ ಕಳಿಸಿದರೆ ಅದು ನಮ್ಮ ತಪ್ಪು. ನರಸಿಂಹಯ್ಯನವರ ಪ್ರಶ್ನೆಯನ್ನು ಸಿದ್ಧಾಂತಕ್ಕಿಂತ ಹೆಚ್ಚಾಗಿ ಸಿದ್ಧಾಂತ ಕಲಿಸುವವರಿಗೆ ಕೇಳಬೇಕು ಎಂದು ನನಗೆ ಅನ್ನಿಸುವುದು ಇದಕ್ಕೇ: ಏನು ಕಂಡರೆ, ಅಥವಾ ಏನು ಕಾಣದಿದ್ದರೆ, ನೀವು ಕೈಬಿಡುತ್ತೀರಿ?

ಲಾರಿ ಹೋದ ಮಾರನೆಯ ದಿನ ಅಪ್ಪ ಬೋರಿನ ಬಾಯಿಗೆ ಚಪ್ಪಡಿ ಎಳೆದರು. ಬಾಯಿ ತೆರೆದೇ ಬಿಟ್ಟ ಕೊಳವೆ ಬಾವಿಗೆ ಮಕ್ಕಳು ಬಿದ್ದ ಸುದ್ದಿ ನಾವೆಲ್ಲ ಓದಿದ್ದೆವು. ಆಮೇಲೆ ಮನೆಗೆ ಬಳಿದು ಉಳಿದಿದ್ದ ನೀಲಿ ಬಣ್ಣ ತಂದು ಚಪ್ಪಡಿಯ ಮೇಲೆ ಬರೆಸಿದರು. ಅಕ್ಷರ ನನ್ನವು: "1,240 ಅಡಿ. ನೀರಿಲ್ಲ." ಯಾಕೆ ಬೇಕಪ್ಪಾ ಇದು, ನಾಚಿಕೆ ಅಲ್ವಾ ಎಂದು ಕೇಳಿದ್ದೆ. "ಪಕ್ಕದ ಹೊಲದವನೂ ಹಾಕಿಸಬೇಕು ಅಂತವ್ನೆ. ಅವನು ನೋಡ್ಲಿ" ಎಂದರು.